ಹುಳುಕು ಹಲ್ಲೂ ತಣ್ಣನೆಯ ಬೆಂಕಿಯೂ

ಕೆಟ್ಟ ಹಲ್ಲಿಗೆ ನಮ್ಮ ಭಾಷೆಯಲ್ಲಿ ಹುಳುಕು ಹಲ್ಲೆಂದು ಹೆಸರು. ಹುಳು ಹೊಕ್ಕು ಕೆಡಿಸಿದ್ದು ಹುಳುಕು. ಕೊಟ್ಟಿಗೆಯ ತೊಲೆಗೂ ಡಬ್ಬಿಯ ಬೇಳೆಗೂ ಮನುಷ್ಯನ ದವಡೆಗೂ ಅದೊಂದೇ ಮಾತು. ಈ ಮಾತನ್ನು ಕಟ್ಟಿದ ಹಿರಿಯರು ಹಲ್ಲಿನೊಳಗೆ ಹುಳುವನ್ನು ಕಂಡಿದ್ದರೋ, ಕಾಣದೆಯೇ ಊಹಿಸಿದ್ದರೋ ನಾನರಿಯೆ. ನಾನಂತೂ ಕಣ್ಣಾರೆ ಕಂಡಿದ್ದೇನೆ. ಒಂದಲ್ಲ, ಏಳೆಂಟು ಹುಳುಗಳು. ಅವು ನನ್ನ ಬಾಯಿಂದಲೇ ಉದುರಿದುವೆಂದು ಮನೆಮಂದಿಯೆಲ್ಲರೂ ಸಾಕ್ಷಿ ನುಡಿದರು.

ಆಗ ನನಗೆ ಹತ್ತು ವರ್ಷ. ಲಿಂಗನಮಕ್ಕಿಯ ಅಣೆಕಟ್ಟು 1964ರಲ್ಲಿ ಮುಗಿದು, ಶರಾವತಿಯ ನೀರು ನಮ್ಮ ಊರುಗಳ ನಡುವೆ ಹಬ್ಬಿ ನಿಂತ ಮೇಲಿನ ಮಾತು. ತುಮರಿಯವರಾದ ನಮಗೆ ಸಾಗರವೆಂಬ ಪೇಟೆ ಹೊಳೆಯಾಚೆಯದಾಯಿತು. ಹಗಲಾದರೆ ಹೇಗಾದರೂ ದಾಟಬಹುದು. ಕತ್ತಲಾದ ಮೇಲೆ ದಾಟುವ ಮಾತೇ ಇಲ್ಲ. ಹಲ್ಲುನೋವಿಗಾದರೋ ಕತ್ತಲೆಯೇ ಪ್ರಿಯವಾದ ಕಾಲ. ಮಳೆಗಾಲದ ಒಂದು ರಾತ್ರಿ ನನ್ನ ಕೆಳದವಡೆಯಲ್ಲಿ ಅದು ಎದ್ದಿತು. ಲವಂಗವನ್ನಿಟ್ಟದ್ದಾಯಿತು, ಉಪ್ಪುನೀರಿನಲ್ಲಿ ಮುಕ್ಕಳಿಸಿದ್ದಾಯಿತು. ಕೊನೆಗೆ ಅಮ್ಮ ಒಲೆಯ ಮುಂದೆ ನನ್ನನ್ನು ಕುಳ್ಳಿರಿಸಿ ಕಬ್ಬಿಣದ ಸೌಟೊಂದನ್ನು ಕೆಂಪಗೆ ಕಾಯಿಸಿದಳು. ಅಗಲವಾದ ತಟ್ಟೆಯಲ್ಲಿ ನೀರು ತುಂಬಿ, ಅದರ ನಡುವೆ ಕಲ್ಲಿನ ಮೇಲೆ ಸೌಟನ್ನಿಟ್ಟಳು. ತುಪ್ಪ ಸವರಿದ ನೆಲಗುಳ್ಳದ ಬೀಜಗಳನ್ನು ಅದರ ಮೇಲೆ ಉದುರಿಸಿ, ತೂತು ಕೊರೆದ ಕರಟವನ್ನು ಮುಚ್ಚಿದಳು. ಪಪ್ಪಾಯಿ ಎಲೆಯ ದಂಟೇ ಕೊಳವೆ. ಆ ಹೊಗೆಯನ್ನು ಹಲ್ಲಿಗೆ ಹಿಡಿದು ಬಾಯಿ ತೆರೆದು ಜೊಲ್ಲು ಸುರಿಸುತ್ತ ನಾನು ಕುಳಿತಿದ್ದೆನು. ಬೀಜಗಳು ಚಟಚಟನೆ ಸಿಡಿದುವು. ತುಸು ಹೊತ್ತಿನ ಮೇಲೆ ಅಮ್ಮ ಚಿಮಣಿ ದೀಪವನ್ನು ತಟ್ಟೆಯ ಮೇಲೆ ಹಿಡಿದು, “ನೋಡು ಮಾಣಿ, ಹುಳು ಬಿದ್ದವು” ಎಂದಳು. ನೀರಿನಲ್ಲಿ ಬೆಳ್ಳಗೆ, ಕೊಂಕಿದ, ನವಿರಾದ ಎಳೆಗಳು ತೇಲುತ್ತಿದ್ದುವು. ಅವನ್ನು ಕಂಡೊಡನೆ ನನ್ನ ನೋವು ಅರ್ಧವಾಯಿತೆಂಬುದನ್ನು ಇಂದಿಗೂ ಮರೆತಿಲ್ಲ.

ಮೇಷ್ಟರಾಗಿ ಹತ್ತು ಹನ್ನೆರಡು ವರ್ಷ ಕಳೆದ ಮೇಲೆ, ಶಾಲೆಯ ವಿಜ್ಞಾನದ ಪೆಟ್ಟಿಗೆಯಲ್ಲಿದ್ದ ಭೂತಗನ್ನಡಿಯು ಒಂದು ದಿನ ನನ್ನ ಕೈಗೆ ಬಂದಿತು. ಪಾಠಶಾಲೆಯಲ್ಲಿ ಕಾವ್ಯ ವ್ಯಾಕರಣಗಳನ್ನು ಓದಿದ ನನಗೆ ಆ ಪೆಟ್ಟಿಗೆಯ ಮೇಲೆ ಯಾವಾಗಲೂ ಸ್ವಲ್ಪ ಆಸೆ, ಸ್ವಲ್ಪ ಅಂಜಿಕೆ. ನೆಲಗುಳ್ಳದ ಬೀಜವನ್ನು ನೆನೆಹಾಕಿ ಉಗುರಿನಿಂದ ಸೀಳಿ ನೋಡಿದೆನು. ಒಳಗೆ ಅದೇ ಬೆಳ್ಳನೆಯ, ಕೊಂಕಿದ ಎಳೆ! ಅದು ಗಿಡದ ಮೊಳಕೆ. ಕಾದ ಕಬ್ಬಿಣದ ಮೇಲೆ ಬೀಜ ಸಿಡಿದಾಗ ಅದು ನೀರಿಗೆ ಹಾರುತ್ತಿದ್ದಿತೇ ಹೊರತು ನನ್ನ ದವಡೆಯಿಂದ ಏನೂ ಬಿದ್ದಿರಲಿಲ್ಲ. ಅಮ್ಮ ಸುಳ್ಳು ಹೇಳಲಿಲ್ಲ, ಕಂಡದ್ದನ್ನೇ ಹೇಳಿದ್ದಳು. ಕಂಡದ್ದು ಏನೆಂಬುದನ್ನು ಪರೀಕ್ಷಿಸುವ ವ್ಯವಧಾನ ಹಲ್ಲುನೋವಿನ ರಾತ್ರಿಯಲ್ಲಿ ಯಾರಿಗಿರುತ್ತದೆ?

ಹಾಗಾದರೆ ಹುಳುವೇ ಇಲ್ಲವೇ ಎಂದರೆ, ಇದೆ; ಆದರೆ ತಟ್ಟೆಯಲ್ಲಿ ತೇಲುವಷ್ಟು ದೊಡ್ಡದಲ್ಲ. ಹಾಲೆಂಡಿನ ಲೇವನ್‌ಹುಕ್ ಎಂಬ ಬಟ್ಟೆಯ ವ್ಯಾಪಾರಿಯು 1683ರಲ್ಲಿ ತನ್ನ ಹಲ್ಲಿನ ಕೊಳೆಯನ್ನೇ ತಾನು ಮಾಡಿದ ಮಸೂರದ ಕೆಳಗಿಟ್ಟು, ಅದರಲ್ಲಿ ಚಲಿಸುವ ಜೀವಿಗಳನ್ನು ಕಂಡು ಲಂಡನ್ನಿನ ವಿದ್ವತ್ಸಂಘಕ್ಕೆ ಕಾಗದ ಬರೆದನು. ಬರ್ಲಿನ್ನಿನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಮಿಲ್ಲರ್ ಎಂಬ ವೈದ್ಯರು 1890ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಈ ಜೀವಿಗಳು ನಮ್ಮ ಬಾಯಲ್ಲುಳಿದ ಆಹಾರವನ್ನು ಹುಳಿಮಾಡಿ ಆ ಹುಳಿಯಿಂದ ಹಲ್ಲನ್ನು ಕರಗಿಸುವುವೆಂದು ತೋರಿಸಿದರು. 1924ರಲ್ಲಿ ಲಂಡನ್ನಿನ ಕ್ಲಾರ್ಕ್ ಎಂಬವರು ಹುಳುಕು ಹಲ್ಲುಗಳಿಂದ ಒಂದು ಬ್ಯಾಕ್ಟೀರಿಯವನ್ನು ಬೇರ್ಪಡಿಸಿ, ಅದಕ್ಕೆ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಎಂದು ಹೆಸರಿಟ್ಟರು. ಇದು ಸಕ್ಕರೆಯನ್ನು ತಿಂದು ಎರಡು ಕೆಲಸ ಮಾಡುತ್ತದೆ. ಅಂಟಿನಂಥ ಪದಾರ್ಥವನ್ನು ಹೆಣೆದು ಹಲ್ಲಿನ ಮೇಲೆ ಮನೆ ಕಟ್ಟಿಕೊಳ್ಳುವುದು ಒಂದು. ಆ ಮನೆಯೊಳಗೆ ಹುಳಿಯನ್ನು ಉತ್ಪತ್ತಿಮಾಡುವುದು ಇನ್ನೊಂದು. ನಮ್ಮ ದೇಹದಲ್ಲೆಲ್ಲ ಅತ್ಯಂತ ಕಠಿನವಾದದ್ದು ಹಲ್ಲಿನ ಮೇಲ್ಪದರ, ಎಲುಬಿಗಿಂತಲೂ ಗಟ್ಟಿ. ಆದರೆ ಅದರಲ್ಲಿ ಜೀವಕೋಶಗಳಿಲ್ಲ. ಮುರಿದ ಎಲುಬು ಕೂಡುತ್ತದೆ, ಗಾಯ ಮಾಯುತ್ತದೆ. ಕುಳಿಬಿದ್ದ ಹಲ್ಲು ತಾನಾಗಿ ತುಂಬಿಕೊಳ್ಳುವುದಿಲ್ಲ. ಕುಳಿ ಬೀಳುವ ಮುನ್ನ, ಸವೆತವು ಇನ್ನೂ ಬಿಳಿಯ ಮಚ್ಚೆಯಾಗಿರುವಷ್ಟು ಕಾಲ ಮಾತ್ರ ಜೊಲ್ಲಿನೊಳಗಿನ ಸುಣ್ಣದಂಶವು ಅದನ್ನು ಸರಿಪಡಿಸಬಲ್ಲುದು.

ಹುಟ್ಟಿದ ಮಗುವಿನ ಬಾಯಲ್ಲಿ ಈ ಬ್ಯಾಕ್ಟೀರಿಯ ಇರುವುದಿಲ್ಲ. ಎತ್ತಿ ಆಡಿಸುವವರ ಎಂಜಲಿನಿಂದ ಅದು ಬರುತ್ತದೆ. ಬಿಸಿ ನೋಡಲೆಂದು ತಾಯಿ ತುಟಿಗೆ ತಾಗಿಸಿದ ಚಮಚದಿಂದ, ಅಜ್ಜ ಕಚ್ಚಿ ಕೊಟ್ಟ ಬೆಲ್ಲದ ಚೂರಿನಿಂದ. ಎಂಜಲಿನ ವಿಷಯದಲ್ಲಿ ಅಷ್ಟೊಂದು ಮಡಿ ಮಾಡುತ್ತಿದ್ದ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಮಾತ್ರ ವಿನಾಯಿತಿ ಇತ್ತಲ್ಲವೇ? ಬಟ್ಟೆ ಮುಚ್ಚಿ ಕಚ್ಚಿದರೆ ಅದು ಕಾಗೆ ಎಂಜಲು, ದೋಷವಿಲ್ಲ ಎಂದು ನಾವೂ ಹಂಚಿ ತಿಂದವರೇ.

ನಮ್ಮ ಪ್ರಾಚೀನರು ಈ ವ್ಯಾಧಿಯನ್ನು ಅರಿಯದವರಲ್ಲ. ಸುಶ್ರುತನು ಬಾಯಿಯ ರೋಗಗಳನ್ನು 65 ಎಂದು ಎಣಿಸಿ, ಅವುಗಳಲ್ಲಿ ಹಲ್ಲಿನವು ಎಂಟು ಎಂದು ಹೇಳುತ್ತಾನೆ. ಆ ಎಂಟರಲ್ಲಿ ಕೃಮಿದಂತವೂ ಒಂದು. ಕಪ್ಪಾದ ಕುಳಿ, ಅಲುಗಾಟ, ಸೋರುವಿಕೆ, ಕಾರಣವಿಲ್ಲದೆ ಏಳುವ ನೋವು—ಅವನು ಕೊಡುವ ಲಕ್ಷಣಗಳನ್ನು ಓದಿದರೆ ನನ್ನ ಬಾಯನ್ನೇ ನೋಡಿ ಬರೆದಂತಿದೆ. ಹಲ್ಲುಜ್ಜುವ ಕಡ್ಡಿಯು ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನಷ್ಟು ದಪ್ಪ ಇರಬೇಕೆಂದೂ, ಕಹಿಯಲ್ಲಿ ಬೇವು, ಒಗರಿನಲ್ಲಿ ಕಗ್ಗಲಿ, ಸಿಹಿಯಲ್ಲಿ ಹಿಪ್ಪೆ, ಖಾರದಲ್ಲಿ ಹೊಂಗೆ ಶ್ರೇಷ್ಠವೆಂದೂ ವಿಧಿಸಿದವನು ಅವನೇ. ವಾಗ್ಭಟನ ಅಷ್ಟಾಂಗಹೃದಯದಲ್ಲಿ ಇನ್ನೊಂದು ಕ್ರಮವುಂಟು. ಕುಳಿಯನ್ನು ಬೆಲ್ಲದಿಂದಲೋ ಜೇನುಮೇಣದಿಂದಲೋ ತುಂಬಿ ಕಾದ ಸಲಾಕೆಯಿಂದ ಸುಡಬೇಕು. ಬೆಂಕಿ ತಾಗಿದರೆ ಕ್ರಿಮಿ ಸಾಯುವುದು ನಿಜ. ಆದರೆ ಹಲ್ಲಿನ ನಡುವೆ ರಕ್ತನಾಳವೂ ನರವೂ ಇರುವ ಜೀವಂತ ತಿರುಳಿದೆ. ಬೆಂಕಿಯು ಕ್ರಿಮಿಯನ್ನೂ ತಿರುಳನ್ನೂ ಬೇರೆ ಬೇರೆಯಾಗಿ ಅರಿಯದು. ಮನೆಗೆ ಹೊಕ್ಕ ಇಲಿಗಾಗಿ ಮನೆಯನ್ನೇ ಸುಟ್ಟ ಗಾದೆಯು ಇಲ್ಲಿ ಅಕ್ಷರಶಃ ನಿಜವಾಗುತ್ತದೆ.

ನನ್ನ ಹಲ್ಲುಗಳ ಕತೆ ಬೇಗ ಮುಗಿಯುವಂಥದು. ನೋವು ಬಂದಾಗ ಹೊಳೆ ದಾಟುವುದು, ಪೇಟೆಯಲ್ಲಿ ಕೀಳಿಸಿಕೊಂಡು ಸಂಜೆಯ ಲಾಂಚಿಗೆ ಮರಳುವುದು—ಇದೇ ನಮ್ಮ ಕಡೆಯವರ ಪದ್ಧತಿ. ತುಂಬಿಸುವುದಕ್ಕೆ ಮೂರು ನಾಲ್ಕು ಸಲ ಹೋಗಬೇಕು; ಕೀಳಿಸುವುದಕ್ಕೆ ಒಂದು ಸಲ ಸಾಕು. ನನ್ನ ಐವತ್ತೈದನೆಯ ವಯಸ್ಸಿಗೆ ಮೇಲಿನ ಸಾಲಿನ ಮುಂಹಲ್ಲುಗಳೆಲ್ಲವೂ ಹೋದುವು. ತಿನ್ನುವುದಕ್ಕಾದ ತೊಂದರೆಯನ್ನು ನಾನು ಸಹಿಸಿಕೊಂಡೆನು. ಸಹಿಸಲಾಗದ್ದು ಬೇರೆ. ತ, ಥ, ದ, ಧ, ನ, ಲ, ಸ—ಇವುಗಳ ಸ್ಥಾನ ದಂತವೆಂದು ಮೂವತ್ತು ವರ್ಷ ಮಕ್ಕಳಿಗೆ ಕಲಿಸಿದವನು ನಾನು. ನಾಲಿಗೆಯ ತುದಿ ಹಲ್ಲಿಗೆ ತಾಗಬೇಕೆಂದು ಎಷ್ಟು ಹುಡುಗರನ್ನು ನಿಲ್ಲಿಸಿ ಹೇಳಿಸಿದ್ದೇನೋ! ಈಗ ನನ್ನ ನಾಲಿಗೆ ಹೋಗಿ ತಾಗುವುದಕ್ಕೆ ಅಲ್ಲಿ ಏನೂ ಇಲ್ಲ. ದಂತವೆಂಬ ಶಬ್ದವನ್ನು ಉಚ್ಚರಿಸುವುದಕ್ಕೂ ದಂತ ಬೇಕು. ತರಗತಿಯ ಹಿಂದಿನ ಸಾಲಿನಲ್ಲಿ ಒಬ್ಬ ಹುಡುಗನು ನನ್ನ ‘ಸ’ಕಾರವನ್ನು ಅನುಕರಿಸಿದ್ದನ್ನು ಕೇಳಿಯೂ ಕೇಳದವನಂತೆ ನಾನು ಪುಟ ತಿರುಗಿಸಿದೆನು. ಕಟ್ಟಿಸಿದ ಹಲ್ಲುಗಳು ಬಂದ ಮೇಲೆ ಅಕ್ಷರಗಳು ಮರಳಿದುವು. ಆದರೂ ಸಾಲ ತಂದ ಆಭರಣದಂತೆ.

ಈ ಸ್ಥಿತಿಯಲ್ಲಿದ್ದ ನನಗೆ, ಬೆಂಗಳೂರಿನಲ್ಲಿರುವ ಹಳೆಯ ಶಿಷ್ಯನೊಬ್ಬನು ಒಂದು ಲೇಖನವನ್ನು ಕಳುಹಿಸಿದನು. ಸುಡದ ಬೆಂಕಿಯಿಂದ ಹಲ್ಲಿನ ಕ್ರಿಮಿಗಳನ್ನು ಕೊಲ್ಲುವ ವಿಷಯ ಅದರಲ್ಲಿತ್ತು. ಅದರ ಹೆಸರು ಶೀತಲ ಪ್ಲಾಸ್ಮಾ. ಡೆಂಗೂ ಜ್ವರದವರಿಗೆ ಕೊಡುವ ರಕ್ತದ ಪ್ಲಾಸ್ಮಾ ಇದಲ್ಲ. ಘನ, ದ್ರವ, ಅನಿಲಗಳೆಂಬ ಮೂರು ಅವಸ್ಥೆಗಳಾಚೆ ವಸ್ತುವಿಗೆ ನಾಲ್ಕನೆಯದೊಂದುಂಟು; ಅನಿಲದೊಳಗೆ ಪ್ರಬಲವಾದ ವಿದ್ಯುತ್ತು ಹಾಯ್ದಾಗ ಪರಮಾಣುಗಳಿಂದ ಎಲೆಕ್ಟ್ರಾನುಗಳು ಕಳಚಿಕೊಂಡು ಎರಡೂ ಬೆರೆತು ಹರಿದಾಡುವ ಅವಸ್ಥೆ ಅದು. ಅಮೆರಿಕದ ಅರ್ವಿಂಗ್ ಲ್ಯಾಂಗ್ಮ್ಯೂರ್ ಎಂಬ ವಿಜ್ಞಾನಿ 1928ರಲ್ಲಿ ಅದನ್ನು ಪ್ಲಾಸ್ಮಾ ಎಂದು ಕರೆದರು. ಸೂರ್ಯನೂ ನಕ್ಷತ್ರಗಳೂ ಪ್ಲಾಸ್ಮಾ. ನಮ್ಮ ಗುಡ್ಡಗಳ ಮೇಲೆ ಮಳೆಗಾಲದ ಮೊದಲಲ್ಲಿ ಎರಗುವ ಸಿಡಿಲೂ ಪ್ಲಾಸ್ಮಾ. ಇವೆಲ್ಲ ಸುಡುವಂಥವು.

ಸುಡದ ಪ್ಲಾಸ್ಮಾವೆಂದರೆ ಹೇಗೆ? ಇದನ್ನು ಅರಿಯಲು ದೂರ ಹೋಗಬೇಕಿಲ್ಲ. ಎಲ್‌ಇಡಿ ದೀಪ ಬಂದ ಮೇಲೆ ಮೂಲೆ ಸೇರಿದ ನಮ್ಮ ಟ್ಯೂಬ್‌ಲೈಟೇ ಅದಕ್ಕೆ ಉದಾಹರಣೆ. ಅದರೊಳಗಿನ ಎಲೆಕ್ಟ್ರಾನುಗಳ ಕಾವು ಹತ್ತು ಸಾವಿರ ಡಿಗ್ರಿಯ ಲೆಕ್ಕದ್ದು. ಆದರೂ ಉರಿಯುತ್ತಿರುವ ಕೊಳವೆಯ ನಡುಭಾಗವನ್ನು ಮುಟ್ಟಿದರೆ ಕೈ ಸುಡದು. ಎಲೆಕ್ಟ್ರಾನು ಅತಿ ಹಗುರ. ಅತಿ ಹಗುರವಾದ ಜಲಜನಕದ ಪರಮಾಣುವಿಗಿಂತಲೂ ಸುಮಾರು 1,800 ಪಾಲು ಹಗುರ. ಬೀಸುವ ಕಲ್ಲಿಗೆ ಸಾಸಿವೆಕಾಳನ್ನು ಎಷ್ಟು ರಭಸದಿಂದ ಎಸೆದರೂ ಕಲ್ಲು ಕದಲದಂತೆ, ಎಲೆಕ್ಟ್ರಾನು ಎಷ್ಟು ಕಾದು ಓಡಿದರೂ ಭಾರವಾದ ಪರಮಾಣುಗಳು ತಣ್ಣಗೇ ಉಳಿಯುತ್ತವೆ. ಟ್ಯೂಬಿನಲ್ಲಿ ಗಾಳಿಯ ಒತ್ತಡವನ್ನು ತೀರ ಕಡಿಮೆಮಾಡಿ ಇದನ್ನು ಸಾಧಿಸಿದರು. ಹಲ್ಲಿನ ಕೆಲಸಕ್ಕೆ ಮನುಷ್ಯನ ಬಾಯಿಯ ಬಯಲು ಗಾಳಿಯಲ್ಲೇ ಸಾಧಿಸಬೇಕು. ಅದಕ್ಕಾಗಿ ಹೀಲಿಯಂ ಅಥವಾ ಆರ್ಗಾನ್ ಅನಿಲವನ್ನು ಸಣ್ಣ ಕೊಳವೆಯಲ್ಲಿ ಹರಿಸಿ, ತುದಿಯಲ್ಲಿ ವಿದ್ಯುತ್ತನ್ನು ಕೊಟ್ಟರೆ, ನೇರಳೆ ಬಣ್ಣದ ಪುಟ್ಟ ಜ್ವಾಲೆಯೊಂದು ಹೊರಡುತ್ತದೆ. ಅದರಲ್ಲಿ ಒಂಟಿಯಾದ ಆಮ್ಲಜನಕದ ಪರಮಾಣುಗಳು, ಓಜೋನು ಮೊದಲಾದ ಉಗ್ರ ವಸ್ತುಗಳು ಹುಟ್ಟಿ, ಬ್ಯಾಕ್ಟೀರಿಯದ ಹೊರಪೊರೆಯನ್ನು ಹರಿದು ಅದನ್ನು ಕೊಲ್ಲುವುವು. ಅವು ಅಲ್ಪಾಯುಗಳು, ಕೊಂದು ತಾವೂ ಅಳಿಯುವುವು. ಅನಿಲವಾದುದರಿಂದ, ಕೊರೆಯುವ ಯಂತ್ರದ ಮೊನೆ ತಲುಪದ ಸಂದುಗಳಿಗೂ ನುಸುಳಬಲ್ಲುವು.

ನೆದರ್ಲೆಂಡಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದ ಎವಾ ಸ್ಟಾಫೆಲ್ಸ್ ಅವರೂ ಸಂಗಡಿಗರೂ ಇಂಥ ಪ್ಲಾಸ್ಮಾದ ಸೂಜಿಯೊಂದನ್ನು ರಚಿಸಿ, ಹಲ್ಲಿನ ಕುಳಿಗೆ ಅದು ಆದೀತೇ ಎಂಬುದನ್ನು ಪರಿಶೀಲಿಸಿ 2004ರಲ್ಲಿ ಪ್ರಬಂಧ ಬರೆದರು. 2010ರಲ್ಲಿ ಜರ್ಮನಿಯ ಸಾರ್‌ಲೆಂಡ್ ವಿಶ್ವವಿದ್ಯಾಲಯದ ಸ್ಟೆಫಾನ್ ರುಫ್ ಅವರೂ ಜೊತೆಯವರೂ, ಕಿತ್ತ ದವಡೆಹಲ್ಲುಗಳ ಒಳಪದರಕ್ಕೆ ಬ್ಯಾಕ್ಟೀರಿಯಗಳನ್ನು ಹತ್ತಿಸಿ, ಅದರ ಮೇಲೆ ಈ ಜ್ವಾಲೆಯನ್ನು ಕೆಲವೇ ಸೆಕೆಂಡುಗಳ ಕಾಲ—6, 12, 18 ಸೆಕೆಂಡು—ಹಾಯಿಸಿದರು. ಬ್ಯಾಕ್ಟೀರಿಯಗಳ ಸಂಖ್ಯೆ ಹತ್ತು ಸಾವಿರದಲ್ಲಿ ಒಂದು ಪಾಲಿನವರೆಗೆ ಇಳಿಯಿತು. ಕಾವು ಮಾತ್ರ 40 ಡಿಗ್ರಿಯ ಆಸುಪಾಸು, ಸ್ನಾನದ ನೀರಿನಷ್ಟು. ಇದನ್ನು ಓದಿದಾಗ ವಾಗ್ಭಟನ ಸಲಾಕೆಯೂ ಅಮ್ಮನ ಸೌಟೂ ಒಟ್ಟಿಗೇ ನೆನಪಿಗೆ ಬಂದುವು. ಹುಳುವನ್ನು ಸುಡಬೇಕು, ಮನೆ ಉಳಿಯಬೇಕು—ಇಷ್ಟು ಶತಮಾನಗಳ ಬಯಕೆ ಕೊನೆಗೂ ಕೈಗೂಡಿತೆಂದು ನಾನು ಹಿಗ್ಗಿದೆನು. ಆ ಹಿಗ್ಗಿನಿಂದಲೇ ತಪ್ಪೊಂದು ನಡೆಯಿತು. ಅದನ್ನು ಒಪ್ಪಿಕೊಳ್ಳುವುದಕ್ಕಾಗಿಯೇ ಈ ಪ್ರಬಂಧ.

ನನಗೆ ಎಂಟು ವರ್ಷದ ಮೊಮ್ಮಗಳಿದ್ದಾಳೆ. 2025ರ ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ, ಅವಳ ಕೆಳದವಡೆಯ ಹಲ್ಲೊಂದರಲ್ಲಿ ಕಪ್ಪು ಚುಕ್ಕೆಯನ್ನು ಸೊಸೆ ಕಂಡಳು. ಜುಲೈ 14ರಂದು ಅಂಬಾರಗೋಡ್ಲು ಕಳಸವಳ್ಳಿಗಳ ನಡುವಣ ಸೇತುವೆ ತೆರೆಯಿತು. ಅರವತ್ತು ವರ್ಷ ನಮ್ಮನ್ನು ತಡೆದ ನೀರನ್ನು ಈಗ ಕೆಲವು ನಿಮಿಷಗಳಲ್ಲಿ ದಾಟಬಹುದು. “ಮಾವಯ್ಯ, ಸೇತುವೆಯೂ ಆಯಿತು, ಕೂಸನ್ನು ಒಮ್ಮೆ ಸಾಗರದ ಹಲ್ಲಿನ ಡಾಕ್ಟರಿಗೆ ತೋರಿಸಿಕೊಂಡು ಬರುತ್ತೇವೆ” ಎಂದು ಸೊಸೆ ಕೇಳಿದಳು. ಕೂಸು ಕೊರೆಯುವ ಯಂತ್ರದ ಸದ್ದನ್ನು ನೆನೆದೇ ಅಳತೊಡಗಿದ್ದಳು. ನಾನು ಜಗಲಿಯ ಮೇಲೆ ಕುಳಿತು ನಿರ್ಣಯ ಕೊಟ್ಟೆನು: “ಅದು ಹಾಲುಹಲ್ಲು, ಹೇಗೂ ಬೀಳುವಂಥದು. ಎಳೆಯ ಹಲ್ಲನ್ನು ಕೊರೆಸುವುದೇಕೆ? ತಣ್ಣನೆಯ ಬೆಂಕಿ ಬಂದಿದೆ. ಸ್ವಲ್ಪ ತಾಳಿದರೆ ನಮ್ಮಲ್ಲಿಗೂ ಬಂದೀತು.” ಮಗನು ನನ್ನ ಮಾತಿಗೆ ಎದುರಾಡುವವನಲ್ಲ. ಸೊಸೆ ಏನೋ ಹೇಳಲು ಹೋಗಿ ಸುಮ್ಮನಾದಳು. ಪಾಂಡಿತ್ಯಕ್ಕೆ ಮನೆಯಲ್ಲಿ ಸಿಗುವ ಗೌರವ ಎಷ್ಟು ಅಪಾಯಕರವಾದದ್ದೆಂದು ನನಗೆ ಆಗ ತಿಳಿಯಲಿಲ್ಲ.

ದೀಪಾವಳಿಯ ಹಬ್ಬದ ರಾತ್ರಿ ಕೂಸು ಎದ್ದು ಕುಳಿತಳು. ಕೆನ್ನೆ ಕೈಯಲ್ಲಿ ಹಿಡಿದು, ಬಾಯಿ ತೆರೆದು, ಸದ್ದಿಲ್ಲದೆ ಅಳುತ್ತಿದ್ದಳು. ಐವತ್ತು ವರ್ಷಕ್ಕೂ ಹಿಂದೆ ಒಲೆಯ ಮುಂದೆ ಕುಳಿತಿದ್ದ ಹುಡುಗನನ್ನೇ ನಾನು ಕಂಡಂತಾಯಿತು. ಆದರೆ ಒಂದು ವ್ಯತ್ಯಾಸವಿತ್ತು. ನನ್ನ ಅಮ್ಮನಿಗೆ ಹೊಳೆ ಅಡ್ಡವಾಗಿತ್ತು. ಈ ಕೂಸಿಗೆ ಹೊಳೆಯ ಮೇಲೆ ಸೇತುವೆಯಿತ್ತು, ಅಡ್ಡವಾದವನು ನಾನು.

ಬೆಳಗಾಗುವುದನ್ನೇ ಕಾದು ಸೇತುವೆ ದಾಟಿದೆವು. ಸಾಗರದ ವೈದ್ಯೆ ಚಿಕ್ಕ ವಯಸ್ಸಿನವರು. ಬಾಯಿ ನೋಡಿ ಒಂದು ಕ್ಷಣ ಮೌನವಾಗಿದ್ದು, “ಮೇಷ್ಟ್ರೇ, ಇದು ಹಾಲುಹಲ್ಲಲ್ಲ” ಎಂದರು. ಆರನೆಯ ವರ್ಷದ ಹೊತ್ತಿಗೆ, ಯಾವ ಹಲ್ಲೂ ಬೀಳದೆಯೇ, ಹಾಲುದವಡೆಗಳ ಹಿಂದೆ ಹೊಸದೊಂದು ದವಡೆಹಲ್ಲು ಹುಟ್ಟುವುದಂತೆ. ಅದು ಜೀವಮಾನದ ಹಲ್ಲು. ಏನೂ ಬೀಳದೆ ಬಂದುದರಿಂದ ಹಿರಿಯರು ಅದನ್ನೂ ಹಾಲುಹಲ್ಲೆಂದೇ ಎಣಿಸಿ ಅಲಕ್ಷಿಸುತ್ತಾರೆ. ನನ್ನ ಮನೆಯಲ್ಲಿ ನಡೆದದ್ದು ಅದೇ.

ನಾಚಿಕೆಯಿಂದಲೇ ನಾನು ಶೀತಲ ಪ್ಲಾಸ್ಮಾದ ಪ್ರಸ್ತಾಪ ಮಾಡಿದೆನು. ಅವರು ನಗಲಿಲ್ಲ. ತಾವೂ ಅದನ್ನು ಓದಿರುವುದಾಗಿ ಹೇಳಿ, ಸಮಾಧಾನದಿಂದ ವಿವರಿಸಿದರು. ಕಿತ್ತ ಹಲ್ಲಿನ ಮೇಲೆ ಗೆದ್ದದ್ದು ಜೀವಂತ ಬಾಯಲ್ಲಿ ಅಷ್ಟೇ ಗೆಲ್ಲಬೇಕೆಂದಿಲ್ಲ. ಜೊಲ್ಲಿನ ತೇವವಿದೆ, ಅಂಟಿನ ಪದರ ದಪ್ಪವಿದೆ, ಎಷ್ಟು ಹೊತ್ತು ಹಾಯಿಸಿದರೆ ಕ್ರಿಮಿ ಸತ್ತು ತಿರುಳು ಉಳಿಯುವುದೆಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಆದುದರಿಂದ ಹುಳುಕು ಹಲ್ಲಿನ ನಿತ್ಯಚಿಕಿತ್ಸೆಯಾಗಿ ಅದು ಇನ್ನೂ ಬಳಕೆಗೆ ಬಂದಿಲ್ಲ. ಬಂದಾಗಲೂ ಅದು ಕೊಲ್ಲುವುದೇ ಹೊರತು ಕುಳಿಯನ್ನು ತುಂಬದು. ತುಂಬುವ ಕೆಲಸ ವೈದ್ಯರ ಕೈಯಲ್ಲೇ ಉಳಿಯುತ್ತದೆ. ಇಷ್ಟು ಹೇಳಿ ಅವರು ಒಂದು ಮಾತನ್ನು ಸೇರಿಸಿದರು. ಅದು ನನ್ನನ್ನು ಹೆಚ್ಚು ಚುಚ್ಚಿತು. ಕೊರೆಯದೆಯೇ ಹುಳುಕನ್ನು ತಡೆಯುವ ಔಷಧ ಈಗಾಗಲೇ ಉಂಟು. ಬೆಳ್ಳಿಯೂ ಫ್ಲೋರೈಡೂ ಕೂಡಿದ ಒಂದು ದ್ರವ. ಸಿಲ್ವರ್ ಡೈಅಮೀನ್ ಫ್ಲೋರೈಡ್ ಎಂದು ಹೆಸರು. ಕುಳಿಗೆ ಹನಿ ಸವರಿದರೆ ಬ್ಯಾಕ್ಟೀರಿಯ ಸತ್ತು ಹಲ್ಲು ಗಟ್ಟಿಯಾಗುವುದು. ಹುಳುಕಿನ ಜಾಗ ಕಪ್ಪಾಗುವುದೊಂದೇ ಕುಂದು. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಅದನ್ನೂ ಫ್ಲೋರೈಡಿನ ಹಲ್ಲುಪೇಸ್ಟನ್ನೂ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. “ಜುಲೈನಲ್ಲಿ ಕರೆತಂದಿದ್ದರೆ ಬಹುಶಃ ಅಷ್ಟೇ ಸಾಕಾಗುತ್ತಿತ್ತು. ಈಗ ತಿರುಳಿನವರೆಗೆ ಇಳಿದಿದೆ” ಎಂದರು. ನಾಳೆ ಬರಬಹುದಾದ ಬೆಂಕಿಯನ್ನು ಕಾಯುತ್ತ ಕುಳಿತವನಿಗೆ ಇಂದು ಕೈಗೆಟಕುವ ಹನಿ ಕಾಣಲಿಲ್ಲ.

ಹಲ್ಲಿನ ಬೇರು ಇನ್ನೂ ಪೂರ್ತಿ ಬೆಳೆದಿರಲಿಲ್ಲವಾದ್ದರಿಂದ, ತಿರುಳಿನ ಕೆಟ್ಟ ಭಾಗವನ್ನಷ್ಟೇ ತೆಗೆದು, ಮೇಲೆ ಔಷಧದ ಸಿಮೆಂಟನ್ನಿಟ್ಟು ಮುಚ್ಚಿದರು. ಕೊರೆಯುವ ಯಂತ್ರ ಸದ್ದು ಮಾಡಿತು. ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟದ್ದರಿಂದ ಕೂಸಿಗೆ ನೋವಾಗಲಿಲ್ಲ. ಅವಳು ನನ್ನ ಕೈಯನ್ನು ಹಿಡಿದುಕೊಂಡಿದ್ದಳು. ಹಲ್ಲು ಉಳಿದಿದೆ. ಎಷ್ಟು ಕಾಲ ಉಳಿಯುವುದೆಂಬುದನ್ನು ಆರು ತಿಂಗಳಿಗೊಮ್ಮೆ ನೋಡುತ್ತಿರಬೇಕೆಂದು ವೈದ್ಯೆ ಹೇಳಿದ್ದಾರೆ. ಮರಳುವಾಗ ಸೇತುವೆಯ ನಡುವೆ ಮಗನು, “ಅಪ್ಪಯ್ಯ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ” ಎಂದನು. ಸೊಸೆ ಏನನ್ನೂ ಹೇಳಲಿಲ್ಲ. ಆ ಮೌನಕ್ಕೆ ಅವಳಿಗೆ ಅಧಿಕಾರವಿತ್ತು.

ಶೀತಲ ಪ್ಲಾಸ್ಮಾವನ್ನು ನಾನು ಇಂದಿಗೂ ಅಲ್ಲಗಳೆಯುವವನಲ್ಲ. ಅದು ಬರಲಿ, ಬಂದು ಮಕ್ಕಳ ಭಯವನ್ನು ಕಳೆಯಲಿ. ಅಮ್ಮನ ಅಜ್ಞಾನಕ್ಕಿಂತ ನನ್ನ ಅರೆಜ್ಞಾನವೇ ಹೆಚ್ಚು ಕೆಡಿಸಿತೆಂಬುದನ್ನು ಮಾತ್ರ ಓದುಗರ ಮುಂದಿಡುತ್ತಿದ್ದೇನೆ. ಅವಳು ಆ ರಾತ್ರಿ ತನಗೆ ತಿಳಿದಿದ್ದುದೆಲ್ಲವನ್ನೂ ಮಾಡಿದಳು. ನಾನು ತಿಳಿದದ್ದನ್ನು ನೆಪಮಾಡಿಕೊಂಡು ಏನನ್ನೂ ಮಾಡದೆ ಕುಳಿತೆನು.

ಈಗ ರಾತ್ರಿ ಊಟವಾದ ಮೇಲೆ ನಾವಿಬ್ಬರೂ ಬಚ್ಚಲ ಮುಂದೆ ನಿಲ್ಲುತ್ತೇವೆ. ಬೆಳಿಗ್ಗೆಯ ಉಜ್ಜುವಿಕೆ ನಮ್ಮ ಸಂಪ್ರದಾಯ. ರಾತ್ರಿಯದನ್ನು ನಾನು ಅರವತ್ತು ದಾಟಿದ ಮೇಲೆ ಕಲಿತೆನು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಬ್ಯಾಕ್ಟೀರಿಯಗಳಿಗೆ ಅದೇ ಸುಗ್ಗಿಯ ಕಾಲವಂತೆ. ಕೂಸು ತನ್ನ ಹಲ್ಲುಗಳನ್ನು ಬಾಯೊಳಗೆ ಉಜ್ಜಿಕೊಳ್ಳುತ್ತಾಳೆ. ನಾನು ನನ್ನವನ್ನು ಕೈಯಲ್ಲಿ ಹಿಡಿದು ಉಜ್ಜುತ್ತೇನೆ. ಅದನ್ನು ಕಂಡು ಅವಳಿಗೆ ನಗು. ಬಾಯಿ ಮುಕ್ಕಳಿಸಿದ ಮೇಲೆ ತ, ಥ, ದ, ಧ, ನ ಎಂದು ಒಮ್ಮೆ ಹೇಳಿಸುತ್ತೇನೆ. ಅವಳ ಉಚ್ಚಾರಣೆಯಲ್ಲಿ ದೋಷವಿಲ್ಲ.

ಮೊನ್ನೆ ಅವಳು ಕೇಳಿದಳು: “ಅಜ್ಜಾ, ನೀನು ಹೇಳಿದ ತಣ್ಣನೆಯ ಬೆಂಕಿ ಯಾವಾಗ ಬರುತ್ತದೆ?”

“ಬರುವಾಗ ಬರಲಿ ತಂಗಿ, ಹಿಂದಿನ ದವಡೆಗೆ ಬ್ರಷ್ಷು ತಾಗಲಿಲ್ಲ, ಇನ್ನೊಮ್ಮೆ ಉಜ್ಜು” ಎಂದೆನು.